ಪಾತ್ರೆ ಅಂಗಡಿ ಅಕ್ಕನ ನಾಣ್ಯದ ವ್ಯಾಪಾರ

ದಾವಣಗೆರೆಯ ಹಳೆಯ ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಎದುರು ಸಾಲಿನಲ್ಲಿ ಒಂದು ಪಾತ್ರೆ ಅಂಗಡಿ. ಮೂರು ತಲೆಮಾರಿನಿಂದ ಒಂದೇ ಮನೆತನದವರು ನಡೆಸಿಕೊಂಡು ಬಂದದ್ದು. ಆ ಮನೆಯ ಸೊಸೆಯನ್ನು ಪೇಟೆಯವರೆಲ್ಲ ಅಕ್ಕ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ತಮ್ಮ ಅನ್ನುತ್ತಿದ್ದರು. ಅಕ್ಕ ಹೋಗಿ ವರ್ಷವಾಗುತ್ತ ಬಂತು. ಅವರ ಮಾತು ಬಂದರೆ ಜನ ಈಗಲೂ "ಆನ್‌ಲೈನ್‌ನಾಗೆ ಹಳೇ ಕಾಸು ಮಾರ್ತಿದ್ರಲ್ಲ, ಅವ್ರು" ಅನ್ನುತ್ತಾರೆ. ಮಾರುತ್ತಿದ್ದದ್ದು ನಿಜ. ಆದರೆ ಮಾರಿದ್ದಕ್ಕಿಂತ ಹೆಚ್ಚು ಹೊತ್ತನ್ನು ಅವರು ಬೇರೊಂದು ಕೆಲಸಕ್ಕೆ ಕೊಟ್ಟರು. ಅದನ್ನು ಹತ್ತಿರದಿಂದ ಕಂಡವನು ನಾನು.

ಅಕ್ಕ ಎತ್ತರದ ಹೆಂಗಸು. ಗಲ್ಲಾದ ಮೇಲೆ ಕೂರುತ್ತಿದ್ದದ್ದು ಅವರ ಗಂಡ, ನಾವು ಅಣ್ಣ ಎನ್ನುತ್ತಿದ್ದ ಮೃದು ಸ್ವಭಾವದ ಮನುಷ್ಯ. ಅಕ್ಕ ನಿಂತೇ ಇರುತ್ತಿದ್ದರು. ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಪಾತ್ರೆಗಳ ಮೇಲೆ ಕರೆಂಟಿನ ಪೆನ್ನಿನಿಂದ ಹೆಸರು ಕೊರೆಯುವ ಕೆಲಸ ಅವರದು. ಆ ಪೆನ್ನು ಗುಂಯ್‌ಗುಟ್ಟುತ್ತ ಕೈಯನ್ನೇ ನಡುಗಿಸುತ್ತದೆ. ಅಕ್ಕನ ಅಕ್ಷರ ಮಾತ್ರ ಮುತ್ತಿನ ಹಾಗೆ ಬರುತ್ತಿತ್ತು. ನಮ್ಮ ಊರಿನ ಎಷ್ಟೋ ಅಡುಗೆಮನೆಗಳಲ್ಲಿ ಇವತ್ತಿಗೂ ಅವರ ಕೈಬರಹ ದಿನಾ ತೊಳೆಸಿಕೊಳ್ಳುತ್ತಿದೆ. ಗದ್ದಲದ ಬೀದಿಯಲ್ಲಿ ಮಾತಾಡಿ ಮಾತಾಡಿ ಅವರ ಗಂಟಲು ದೊಡ್ಡದಾಗಿತ್ತು. ಕೊಪ್ಪರಿಗೆಯ ಬೆಲೆ ಹೇಳಿದರೆ ನನ್ನ ಸ್ಟುಡಿಯೋದ ಒಳಗೆ ಕೇಳುತ್ತಿತ್ತು.

ನಾಣ್ಯಗಳು ಅವರ ಬಳಿ ಸೇರಿದ್ದು ಪಾತ್ರೆಯ ದಾರಿಯಲ್ಲೇ. ಲೋಕಿಕೆರೆ ಕಡೆಯಿಂದ, ಹರಿಹರದಿಂದ ಜನ ಹಳೆಯ ಹಿತ್ತಾಳೆ, ತಾಮ್ರದ ಪಾತ್ರೆ ಚೀಲದಲ್ಲಿ ಕಟ್ಟಿಕೊಂಡು ಬಂದು ತೂಕಕ್ಕೆ ಹಾಕಿ ಸ್ಟೀಲಿನದು ಒಯ್ಯುತ್ತಿದ್ದರು. ತೂಕದ ಮುಂಚೆ ಅಕ್ಕ ಪ್ರತಿ ತಂಬಿಗೆಯನ್ನೂ ಮಗುಚಿ ತಟ್ಟುತ್ತಿದ್ದರು. ಒಳಗಿನಿಂದ ಸಾಸಿವೆ ಬೀಳುತ್ತಿತ್ತು, ಗುಂಡುಪಿನ್ನು ಬೀಳುತ್ತಿತ್ತು, ಒಮ್ಮೊಮ್ಮೆ ಯಾರೋ ಅಜ್ಜಿ ಬಚ್ಚಿಟ್ಟು ಮರೆತ ತೂತಿನ ಕಾಸು. "ನಿಮ್ದು ಐತೆ ನೋಡ್ರಿ" ಎಂದು ಅಕ್ಕ ಕೈಗೆ ಕೊಡುತ್ತಿದ್ದರು. ಹೆಚ್ಚಿನವರು ನಕ್ಕು, ನಡೆಯದ ಕಾಸು ನಮಗ್ಯಾಕೆ, ನೀವೇ ಇಟ್ಟುಕೊಳ್ಳಿ ಎಂದು ಬಿಟ್ಟು ಹೋಗುತ್ತಿದ್ದರು. ಹಾಗೆ ಬಿಟ್ಟದ್ದೆಲ್ಲ ಒಂದು ಎಣ್ಣೆ ಡಬ್ಬಿಯಲ್ಲಿ ಸೇರುತ್ತ ಹೋಯಿತು. ಬಿಡುವಿದ್ದಾಗ ಅದನ್ನು ಪೇಪರಿನ ಮೇಲೆ ಸುರುವಿಕೊಂಡು ನೋಡುವುದು ಅವರ ಖುಷಿ. ಇಸವಿಯ ಕೆಳಗೆ ಚುಕ್ಕಿ ಇದ್ದರೆ ಒಂದು ಟಂಕಸಾಲೆ, ನಕ್ಷತ್ರ ಇದ್ದರೆ ಇನ್ನೊಂದು ಎಂದು ಅಂಗಡಿಗೆ ಬಂದ ಒಬ್ಬ ಸಂಗ್ರಹಕಾರರು ಹೇಳಿಕೊಟ್ಟ ಮೇಲಂತೂ ಅವರು ಚಿಲ್ಲರೆ ಎಣಿಸುವಾಗ ಕನ್ನಡಕ ಏರಿಸಿ ತಿರುಗಿಸಿ ನೋಡದೆ ಗಲ್ಲಾಕ್ಕೆ ಹಾಕುತ್ತಿರಲಿಲ್ಲ. ಅಣ್ಣ ನಗುತ್ತಿದ್ದರು, ಗಿರಾಕಿಗಳು ಕಾಯುತ್ತಿದ್ದರು.

ಕೊರೊನಾ ಬಂದು ಹೋದ ಮೇಲೆ ಪಾತ್ರೆ ವ್ಯಾಪಾರ ಇಳಿಯಿತು. ಜನ ಕುಕ್ಕರನ್ನೂ ಮೊಬೈಲಿನಲ್ಲೇ ತರಿಸತೊಡಗಿದ್ದರು. ನನ್ನ ಸ್ಟುಡಿಯೋದ ಕಥೆಯೂ ಅದೇ. ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಬೇರೆ ಕೆಲಸ ಕಡಿಮೆ. ಅಂಥ ಒಂದು ಮಧ್ಯಾಹ್ನ ಅಕ್ಕ ಎಣ್ಣೆ ಡಬ್ಬಿ ಕಂಕುಳಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬಂದರು. ಎಲ್ಲರೂ ಮೊಬೈಲಿನಲ್ಲಿ ಕೊಳ್ಳುವುದಾದರೆ ನಾವು ಮೊಬೈಲಿನಲ್ಲಿ ಮಾರಿದರಾಯಿತು ಎಂಬುದು ಅವರ ಲೆಕ್ಕ. ಪಾತ್ರೆ ಕಳಿಸಿದರೆ ನೆಗ್ಗುತ್ತದೆ, ಸಾಗಣೆಗೇ ಲಾಭ ಹೋಗುತ್ತದೆ. ನಾಣ್ಯವಾದರೆ ಲಕೋಟೆಯಲ್ಲಿ ಹೋಗುತ್ತದೆ. ನನ್ನಿಂದ ಬೇಕಾದದ್ದು ಫೋಟೋ.

ಮದುಮಗಳನ್ನು ತೆಗೆಯುವುದು ಸುಲಭ, ನಾಣ್ಯವನ್ನು ತೆಗೆಯುವುದು ಕಷ್ಟ ಎಂದು ನನಗೆ ಗೊತ್ತಾದದ್ದು ಆಗ. ಫ್ಲ್ಯಾಶ್ ಹಾಕಿದರೆ ಬರೀ ಬೆಳ್ಳಗೆ ಒಂದು ಬಿಲ್ಲೆ. ಹಾಕದಿದ್ದರೆ ಕರಿ ಚುಕ್ಕೆ. ಕಡೆಗೆ ಕಿಟಕಿಯ ಬೆಳಗಿನ ಬೆಳಕು, ಒಂದು ಪಕ್ಕಕ್ಕೆ ಥರ್ಮೋಕೋಲಿನ ಹಲಗೆ, ಕಿಟಕಿಗೆ ಬೆಣ್ಣೆ ಕಾಗದ — ಇಷ್ಟರಲ್ಲಿ ಹದ ಸಿಕ್ಕಿತು. ನಾಣ್ಯದ ಗಾತ್ರ ತಿಳಿಯಲೆಂದು ಅಕ್ಕ ಅದನ್ನು ತಮ್ಮ ಅಂಗೈಯಲ್ಲಿ ಹಿಡಿಯುತ್ತಿದ್ದರು, ಹಸಿರು ಬಳೆ ಅರ್ಧ ಕಾಣುತ್ತಿತ್ತು. ಒಂದು ಎಂಟಾಣೆಯ ಮೇಲೆ ಉದ್ದಕ್ಕೆ ಗೀರಿತ್ತು. ಕಂಪ್ಯೂಟರಿನಲ್ಲಿ ತೆಗೆದುಬಿಡಲೇ ಎಂದು ಕೇಳಿದೆ. ಮುಖದ ಮೇಲಿನ ಮೊಡವೆ ತೆಗೆದು ರೂಢಿಯಾದವನು ನಾನು.

"ಬ್ಯಾಡ ತಮ್ಮ. ಗೀರು ಕಾಣ್ಬೇಕು" ಅಂದರು. "ಕೈಗೆ ಬಂದ್ಮೇಲೆ ಕಂಡ್ರೆ ಅವ್ರಿಗೆ ಹೆಂಗಾಗ್ತೈತೆ ಹೇಳು."

ಮೊದಲ ಸಲ ಅವರು ತಪ್ಪಿದ್ದೂ ಪಾತ್ರೆಯವರ ರೀತಿಯಲ್ಲೇ. ಮಾರಾಟಕ್ಕೆಂದು ಆರಿಸಿದ ತಾಮ್ರದ ಕಾಸುಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ, ಅಂಗಡಿಯ ಹೆಸರು, ವಿಳಾಸ ಹಾಕಿ ಮೊಬೈಲಿನಲ್ಲಿ ತೆರೆದಿದ್ದ ಪೇಜಿಗೆ ಹಾಕಿಸಿದರು. ಎಲ್ಲಿಂದಲೋ ಒಬ್ಬರು ಬರೆದರು: ತೊಳೆದ ನಾಣ್ಯವನ್ನು ಸಂಗ್ರಹಕಾರರು ಮುಟ್ಟುವುದಿಲ್ಲ, ಕಾಲ ಕೂತ ಬಣ್ಣವೇ ಅದರ ಬೆಲೆ. ಅಕ್ಕ ಅದನ್ನು ಓದಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ನಕ್ಕದ್ದು ನನಗೆ ನೆನಪಿದೆ. ಈ ಮನೆಗೆ ಬಂದಾಗಿನಿಂದ ಹೊಳಪು ಮಾರಿ ಬದುಕಿದವಳು ನಾನು, ಈಗ ಹೊಳೆದರೆ ತಪ್ಪು ಅಂತಾರಲ್ಲ ಎಂದು. ನಕ್ಕಾದ ಮೇಲೆ ಎಲ್ಲ ಕಾಸಿನ ಕೆಳಗೂ 'ಹುಣಸೆಹಣ್ಣಿನಿಂದ ತೊಳೆದದ್ದು' ಎಂದು ಬರೆಸಿದರು, ಬೆಲೆ ಇಳಿಸಿದರು. ಆಶ್ಚರ್ಯವೆಂದರೆ ಆ ಮಾತಿನಿಂದಲೇ ಅವರಿಗೆ ಹೆಸರು ಬಂತು. ತೊಳೆದದ್ದನ್ನು ತೊಳೆದದ್ದು ಎನ್ನುವವರು ಆ ವ್ಯಾಪಾರದಲ್ಲಿ ಕಡಿಮೆಯಂತೆ.

ನಿಧಾನವಾಗಿ ವ್ಯಾಪಾರ ಬೆಳೆಯಿತು. ಹತ್ತು ರೂಪಾಯಿ ನಾಣ್ಯ ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಗೊಣಗುವ ಕಾಲದಲ್ಲಿ, ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಗದ್ದುಗೆಗೆ ಹೋದಾಗ ಅಕ್ಕ ಅಲ್ಲಿನ ಕಾಯಿ ಅಂಗಡಿಗಳ ಮುಂದೆ ಕೂತು ನೋಟು ಕೊಟ್ಟು ನಾಣ್ಯದ ಚೀಲ ಬಿಡಿಸಿಕೊಳ್ಳುತ್ತಿದ್ದರು. ಅದರಲ್ಲಿ ಅಪರೂಪದವು ಸಿಗುತ್ತಿದ್ದವು. ಅಂಗಡಿಯವರಿಗೆ ಖುಷಿ, ಇವರಿಗೂ ಖುಷಿ. ಆದರೆ ಹರಿಹರದಲ್ಲಿ ಹೊಳೆಯ ಮರಳು ಜರಡಿ ಹಿಡಿದು ನಾಣ್ಯ ಹೆಕ್ಕುವವನೊಬ್ಬ ತಂದು ತೋರಿಸಿದಾಗ ಕೊಳ್ಳಲಿಲ್ಲ. ಹೊಳೆಗೆ ಹಾಕಿದ್ದು ಹೊಳೆಯದು ಎಂದರು, ಅವನಿಗೆ ಊಟಕ್ಕೆ ಕೊಟ್ಟು ಕಳಿಸಿದರು. ನೂರು ವರ್ಷ ದಾಟಿದ್ದನ್ನು ಮಾರಲು ಸರ್ಕಾರದ ಪರವಾನಗಿ ಬೇಕು ಎಂದು ತಿಳಿದ ಮೇಲೆ ಅಂಥವನ್ನು ಪೇಜಿಗೆ ಹಾಕುವುದನ್ನೇ ನಿಲ್ಲಿಸಿದರು. ಗಿರಾಕಿ ನಾಣ್ಯ ಸರಿಯಿಲ್ಲ ಎಂದರೆ ಮೊದಲು ದುಡ್ಡು ವಾಪಸು, ಆಮೇಲೆ ವಿಚಾರಣೆ. ಅಣ್ಣನಿಗೆ ಇದು ಹೆದರಿಕೆ. ಯಾರಾದರೂ ಮೋಸ ಮಾಡಿದರೆ ಎಂದು ಕೇಳುತ್ತಿದ್ದರು. ಮಾಡಿದವನು ಎರಡನೇ ಸಲ ಬರುವುದಿಲ್ಲ, ಅಷ್ಟೇ ಲಾಭ ಎಂದು ಅಕ್ಕ ಹೇಳುತ್ತಿದ್ದರು.

ನಿಜವಾದ ಪರೀಕ್ಷೆ ಬಂದದ್ದು ಹರಿಹರದಿಂದ.

ಒಂದು ಬೆಳಿಗ್ಗೆ, ಪೇಟೆ ಆಗತಾನೇ ಬಾಗಿಲು ತೆಗೆದಿತ್ತು, ಒಬ್ಬ ಹೆಂಗಸು ಬಸ್ಸಿಳಿದು ಅಂಗಡಿ ಹುಡುಕಿಕೊಂಡು ಬಂದರು. ಹರಿಹರದಲ್ಲಿ ರವಿಕೆ ಹೊಲಿಯುವವರು. ಬಂದವರೇ ಕೂಗಾಡತೊಡಗಿದರು: ನನ್ನ ದುಡ್ಡು ಕೊಡ್ರಿ, ಇಲ್ಲಾಂದ್ರೆ ಇಲ್ಲೇ ಕೂತ್ಕೊಂತೀನಿ. ಜನ ಸೇರಿದರು, ನಾನೂ ರಸ್ತೆ ದಾಟಿ ಹೋದೆ. ಆಕೆ ಮೊಬೈಲು ಚಾಚಿ ತೋರಿಸಿದರು. ಅಕ್ಕನ ಪೇಜಿನ ಹೆಸರೇ ಇತ್ತು. ನಾನು ತೆಗೆದ ಫೋಟೋಗಳೇ ಇದ್ದವು. ಹಸಿರು ಬಳೆಯ ಕೈಯೂ ಇತ್ತು. ಕೆಳಗೆ ಮಾತ್ರ ಬೇರೆ ಬರಹ: ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು ನಿಮ್ಮಲ್ಲಿದೆಯೇ, ಲಕ್ಷಾಂತರ ರೂಪಾಯಿಗೆ ನಾವು ಕೊಳ್ಳುತ್ತೇವೆ. ಆಕೆಯ ಬಳಿ ಅಂಥ ನೋಟಿತ್ತು. ಮೊದಲು ಆ ಪೇಜಿನವರು ನೋಂದಣಿ ಶುಲ್ಕ ಕೇಳಿದರು, ಆಕೆ ಕೊಟ್ಟರು. ಆಮೇಲೆ ತೆರಿಗೆ ಎಂದರು. ಆಮೇಲೆ ದುಡ್ಡಿನ ಗಾಡಿ ಹೊರಟಿದೆ, ವಿಮೆ ಕಟ್ಟಿ ಎಂದರು. ಮೋಟಾರಿನ ಹೊಲಿಗೆ ಯಂತ್ರ ಮಾರಿ ಅದನ್ನೂ ಕಟ್ಟಿದರು. ಅಲ್ಲಿಂದ ಮುಂದೆ ಆ ಕಡೆಯ ಫೋನು ಬಂದಾಯಿತು.

ಅಣ್ಣನ ಮುಖ ಬಿಳಚಿಕೊಂಡಿತ್ತು. ನಮಗೂ ಇದಕ್ಕೂ ಸಂಬಂಧವಿಲ್ಲ, ಪೊಲೀಸರಿಗೆ ಹೇಳಿಕೊಳ್ಳಿ ಎಂದು ಮೆಲ್ಲಗೆ ಹೇಳುತ್ತಿದ್ದರು. ಅಕ್ಕ ಗಲ್ಲಾ ಬಳಸಿ ಹೊರಗೆ ಬಂದು, ಆಕೆಯ ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಮೊಬೈಲು ಇಸಕೊಂಡು ಮೇಲಿನಿಂದ ಕೆಳಗಿನವರೆಗೆ ಎಲ್ಲ ಸಂದೇಶಗಳನ್ನೂ ಓದಿದರು. ಆಮೇಲೆ ತಮ್ಮ ಬಲಗೈಯನ್ನು ಆಕೆಯ ಮುಂದೆ ಹಿಡಿದರು.

"ನೋಡವ್ವ, ಈ ಕೈ ನಂದೇ. ಆ ಮಾತು ನಂದಲ್ಲ."

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೂಗು ನಿಂತು ಅಳು ಬಂತು. ಕೂಗುವಾಗ ದೂರಲು ಎದುರಿಗೆ ಒಬ್ಬರಿದ್ದರು, ಈಗ ಯಾರೂ ಇರಲಿಲ್ಲ. ಅಕ್ಕ ಅಂಗಡಿಯನ್ನು ಅಣ್ಣನಿಗೆ ಬಿಟ್ಟು ಆಟೋ ಹಿಡಿದು ಆಕೆಯನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು. ನನ್ನ ಮೂಲ ಫೋಟೋಗಳು ಬೇಕಾಗಬಹುದೆಂದು ನಾನೂ ಹೋದೆ. ಅಲ್ಲಿನವರು ತಾಳ್ಮೆಯಿಂದ ಕೇಳಿದರು, ದೂರು ಬರೆದುಕೊಂಡರು. ದುಡ್ಡು ಕೈಯಿಂದ ಕೈಗೆ ದಾಟಿ ಎಲ್ಲೋ ದೂರದ ರಾಜ್ಯಕ್ಕೆ ಹೋಗಿರುತ್ತದೆ, ಪ್ರಯತ್ನ ಮಾಡೋಣ, ಆಸೆ ಕಡಿಮೆ ಇಟ್ಟುಕೊಳ್ಳಿ ಎಂದರು. ಅವರು ಹೇಳಿದಂತೆಯೇ ಆಯಿತು. ಆ ದುಡ್ಡು ಬರಲಿಲ್ಲ.

ಆ ವಾರದಲ್ಲೇ ಇನ್ನೂ ಕೆಲವರು ಬಂದರು. ಕೆಲವರು ಬೈದರು, ಕೆಲವರು ಸುಮ್ಮನೆ ಬಾಗಿಲಲ್ಲಿ ನಿಂತು ನೋಡಿ ಹೋದರು. ಅದು ಹೆಚ್ಚು ಕಷ್ಟ ಎಂದು ಅಕ್ಕ ನನಗೆ ಹೇಳಿದರು. ಬೀದಿಯಲ್ಲೂ ಗುಸುಗುಸು ಶುರುವಾಯಿತು. ಮೂರು ತಲೆಮಾರಿನ ಅಂಗಡಿ. ಅಕ್ಕನ ಮಾವನವರಿಗೆ ಆಗ ತೊಂಬತ್ತರ ಹತ್ತಿರ. ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ. ಬೆಳಿಗ್ಗೆ ಅಂಗಡಿಯ ಒಳಗಿನ ಮಣೆಯ ಮೇಲೆ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಅವರು ಒಂದೇ ಮಾತು ಹೇಳಿದರು: ಆ ಮೊಬೈಲಿನ ವ್ಯಾಪಾರ ಮುಚ್ಚು. ಅಣ್ಣನೂ ಅದನ್ನೇ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು.

ಅಕ್ಕ ಮುಚ್ಚುವುದಕ್ಕೆ ಒಪ್ಪಲಿಲ್ಲ. ನಮ್ಮ ಪೇಜು ಮುಚ್ಚಿದರೆ ಕಳ್ಳನ ಪೇಜು ಒಂದೇ ಉಳಿಯುತ್ತದೆ, ಆಗ ಜನ ಅದನ್ನೇ ನಮ್ಮದು ಅಂತ ತಿಳಿಯುತ್ತಾರೆ ಎಂದರು. ಕೈ ಒಂದೇ ತೋರಿಸಿದ್ದಕ್ಕೆ ಹೀಗಾಯಿತು, ಕೈಯನ್ನು ಯಾರು ಬೇಕಾದರೂ ಕದಿಯಬಹುದು, ಮುಖ ತೋರಿಸಿ ಮಾತಾಡುತ್ತೇನೆ ಎಂದರು.

ಅದು ಮಾವನವರಿಗೆ ಮೊದಲಿನದಕ್ಕಿಂತ ದೊಡ್ಡ ಪೆಟ್ಟು. ನಾನು ಅಲ್ಲೇ ಇದ್ದೆ. ಅವರು ಧ್ವನಿ ಏರಿಸದೆ, ನೆಲ ನೋಡುತ್ತ ಹೇಳಿದರು: "ನಮ್ಮನಿ ಹೆಣ್ಮಕ್ಕಳ ಮುಖ ಕಂಡೋರ ಮೊಬೈಲ್ನಾಗೆ ಇರೋದು ಬ್ಯಾಡ. ನಾ ಇರೋತನಕನಾದ್ರೂ ಬ್ಯಾಡ."

ಅಕ್ಕ ಮಾವನವರ ಮುಂದೆ ಮಜ್ಜಿಗೆಯ ಲೋಟ ಇಟ್ಟು ಒಳಗೆ ಹೋದರು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವರು ಹಿರಿಯರ ಮಾತು ಮೀರಿದ್ದನ್ನು ಯಾರೂ ಕಂಡಿರಲಿಲ್ಲ ಎಂದು ಅಣ್ಣ ನನಗೆ ಆಮೇಲೆ ಹೇಳಿದರು. ಮಾರನೆಯ ಬೆಳಿಗ್ಗೆ, ನಾನು ಸ್ಟುಡಿಯೋ ಗುಡಿಸುತ್ತಿದ್ದೆ, ಇಳಕಲ್ ಸೀರೆ ಉಟ್ಟು, ತಲೆಯ ತುಂಬ ಸೆರಗು ಹೊದ್ದು ಅಕ್ಕ ಬಂದರು. ಸೆರಗಿನ ಅಂಚನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಕಿಟಕಿಯ ಪರದೆ ಸರಿಸಿ ಕ್ಯಾಮೆರಾವನ್ನು ವಿಡಿಯೋಗೆ ಹೂಡಿದೆ.

ಅವರು ಹೇಳಿದ್ದು ಇಷ್ಟು. ನಾನು ದಾವಣಗೆರೆಯ ಪಾತ್ರೆ ಅಂಗಡಿಯವಳು, ಹಳೆಯ ನಾಣ್ಯ ಮಾರುವುದು ನಿಜ. ನನ್ನ ಕೈ ಫೋಟೋ ಇಟ್ಟುಕೊಂಡು ಯಾರೋ ನಿಮ್ಮನ್ನು ಸುಲಿಯುತ್ತಿದ್ದಾರೆ. ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು. ಕೊಳ್ಳುತ್ತೇನೆ ಎಂದು ಹೇಳಿ ನಿಮ್ಮಿಂದಲೇ ದುಡ್ಡು ಕೇಳಿದರೆ ಅವನು ಕಳ್ಳ, ನನ್ನ ಹೆಸರು ಹೇಳಿದರೂ ಕಳ್ಳ. ನಿಮ್ಮ ಮನೆಯ ಟ್ರ್ಯಾಕ್ಟರ್ ನೋಟಿಗೆ ಐದು ರೂಪಾಯಿ ಬೆಲೆ. ಅನುಮಾನ ಇದ್ದರೆ ಅಂಗಡಿಗೆ ಬನ್ನಿ, ನೋಡಿ ಹೇಳುತ್ತೇನೆ, ಅದಕ್ಕೆ ದುಡ್ಡಿಲ್ಲ.

ಅದನ್ನು ಪೇಜಿಗೆ ಹಾಕಿದೆವು. ಹಾಕಿದ ದಿನ ಸಂಜೆಯಿಂದಲೇ ಹರಡತೊಡಗಿತು. ಒಳ್ಳೆಯ ಮಾತು ಬಂದವು, ಹೊಲಸು ಮಾತು ಅದಕ್ಕಿಂತ ಹೆಚ್ಚು ಬಂದವು. ಕಡಿಮೆ ಬೆಲೆಗೆ ತಾನೇ ಹೊಡೆದುಕೊಳ್ಳಲು ಈಕೆ ಹೀಗೆ ಹೇಳುತ್ತಿದ್ದಾಳೆ ಎಂದು ಬರೆದವರಿದ್ದರು. ಜನರಿಗೆ ಲಕ್ಷ ಎಂದವನ ಮೇಲೆ ಸಿಟ್ಟಿರಲಿಲ್ಲ, ಐದು ರೂಪಾಯಿ ಎಂದವರ ಮೇಲೆ ಬಂತು. ಆರ್ಡರು ನಿಂತೇ ಹೋದವು. ಮನೆಯಲ್ಲಿ ಮಾವನವರು ಸೊಸೆಯೊಡನೆ ಮಾತು ಬಿಟ್ಟರು. ಬೇಕಾದದ್ದನ್ನು ಮಗನಿಗೆ ಹೇಳುವುದು, ಸೊಸೆ ಇಟ್ಟದ್ದನ್ನು ಸುಮ್ಮನೆ ಉಣ್ಣುವುದು. ಅಕ್ಕ ಆ ಸಂಗತಿಯನ್ನು ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ಆದರೆ ಆ ತಿಂಗಳುಗಳಲ್ಲಿ ಅವರ ಗಂಟಲು ಬೀದಿಗೆ ಕೇಳುತ್ತಿರಲಿಲ್ಲ.

ಕೇಳುತ್ತಿದ್ದದ್ದು ಅಂಗಡಿಗೆ ನೋಟು ಹಿಡಿದುಕೊಂಡು ಬರುವವರ ಮಾತು. ನಾನು ಹೇಳಿದ ಆ ಬೇರೆ ಕೆಲಸ ಇದೇ. ಸಂತೆಯ ದಿನ, ಆಸ್ಪತ್ರೆಗೆ ಬಂದ ದಿನ, ಸುತ್ತಲ ಹಳ್ಳಿಯವರು ಅಂಗಡಿಗೂ ಬರುತ್ತಿದ್ದರು. ಕರವಸ್ತ್ರದ ಗಂಟು ಬಿಚ್ಚಿ, ಪ್ಲಾಸ್ಟಿಕ್ಕಿನೊಳಗೆ ಮತ್ತೊಂದು ಪ್ಲಾಸ್ಟಿಕ್ಕು ಬಿಚ್ಚಿ, ಒಂದು ನೋಟನ್ನೋ ನಾಣ್ಯವನ್ನೋ ಗಲ್ಲಾದ ಮೇಲೆ ಇಡುವಾಗ ಅವರ ಮುಖದಲ್ಲಿ ಕಟ್ಟಿಸಬೇಕಾದ ಮನೆ, ಆಗಬೇಕಾದ ಮದುವೆ ಎಲ್ಲ ಇರುತ್ತಿತ್ತು. ಅಕ್ಕ ಅದನ್ನು ನೋಡದೆ ಉತ್ತರ ಹೇಳುತ್ತಿರಲಿಲ್ಲ. ಕನ್ನಡಕ ಹಾಕಿ, ಎರಡೂ ಕಡೆ ನಿಧಾನವಾಗಿ ತಿರುಗಿಸಿ, ಇದನ್ನು ಯಾರು ಇಟ್ಟಿದ್ದರು ಎಂದು ಕೇಳುತ್ತಿದ್ದರು. ಅಪ್ಪ ಇಟ್ಟದ್ದು, ಅತ್ತೆ ಇಟ್ಟದ್ದು ಎಂದು ಅವರು ಹೇಳುತ್ತಿದ್ದರು. "ಚಲೋ ಕಾದಿಟ್ಟಾರೆ. ಹಂಗೇ ಇಟ್ಕೊಳ್ರಿ. ಬೆಲೆ ಮಾತ್ರ ಐದೇ ರೂಪಾಯಿ ಐತೆ ನೋಡ್ರಿ" ಎಂದು ಅದನ್ನು ಎರಡು ಕೈಯಿಂದ ಹಿಂದಕ್ಕೆ ಕೊಡುತ್ತಿದ್ದರು. ಕೆಲವರು ನಂಬದೆ ಹೋಗುತ್ತಿದ್ದರು. ಬಹಳ ಮಂದಿ ಒಂದು ಲೋಟ ಚಹಾ ಕುಡಿದು, ಸಣ್ಣಗೆ ನಕ್ಕು ಹೋಗುತ್ತಿದ್ದರು. ಎಂದಾದರೊಮ್ಮೆ ನಿಜವಾಗಿ ಬೆಲೆ ಬಾಳುವ ನಾಣ್ಯ ಬಂದರೆ, ಬೇರೆ ಇಬ್ಬರು ವ್ಯಾಪಾರಿಗಳ ಹತ್ತಿರವೂ ಕೇಳಿಕೊಂಡು ಬನ್ನಿ ಎಂದು ಕಳಿಸುತ್ತಿದ್ದರು. ಹಾಗೆ ಹೋದವರು ತಿರುಗಿ ಇವರ ಹತ್ತಿರವೇ ಬಂದು ಮಾರುತ್ತಿದ್ದರು.

ಹರಿಹರದ ಆ ಹೆಂಗಸನ್ನೂ ಅಕ್ಕ ಬಿಡಲಿಲ್ಲ. ನಾಣ್ಯ ಕಳಿಸುವ ಪೊಟ್ಟಣಕ್ಕೆ ಹೊರಗೊಂದು ದಪ್ಪ ಬಟ್ಟೆಯ ಚೀಲ ಹೊಲಿದುಕೊಡಲು ಕೇಳಿದರು. ಆಕೆ ಮೊದಲು ಒಪ್ಪಲಿಲ್ಲ, ನಿಮ್ಮನ್ನು ಬೀದಿಯಲ್ಲಿ ಬೈದವಳು ನಾನು ಎಂದರಂತೆ. ಬೈದದ್ದು ನನ್ನನ್ನಲ್ಲ, ಅದು ಆ ಕಳ್ಳನಿಗೆ ಸೇರಿದ್ದು ಎಂದು ಅಕ್ಕ ಬಟ್ಟೆಯ ತಾನು ಇಟ್ಟು ಬಂದರು. ಹೊಲಿಗೆ ಓರೆಯಾದ ಚೀಲಗಳನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದರು ಎಂಬುದನ್ನೂ ಹೇಳಬೇಕು. ಆಕೆಗೆ ಅದೇ ಹೆಚ್ಚು ಸಮಾಧಾನ ಕೊಟ್ಟಿತೆಂದು ಕಾಣುತ್ತದೆ. ಮುಂದಿನ ವರ್ಷ ಮೋಟಾರಿನ ಯಂತ್ರ ಮತ್ತೆ ಕೊಂಡರು. ಪೂಜೆ ಮಾಡಿಸಿದ ದಿನ ಅಕ್ಕನಿಗೆ ಹೋಳಿಗೆ ಕಟ್ಟಿ ಕಳಿಸಿದ್ದರು.

ಮಾವನವರ ವಿಷಯ. ಒಂದು ದಿನ ಮಧ್ಯಾಹ್ನ ಅಕ್ಕ ಅಂಚೆ ಕಚೇರಿಗೆ ಹೋಗಿದ್ದಾಗ ಅವರು ಕೋಲೂರಿಕೊಂಡು ಒಬ್ಬರೇ ರಸ್ತೆ ದಾಟಿ ನನ್ನ ಸ್ಟುಡಿಯೋಗೆ ಬಂದರು. ನಾನು ಗಾಬರಿಯಾಗಿ ಎದ್ದು ಕುರ್ಚಿ ಹಾಕಿದೆ. ಕೂತು ಉಸಿರು ತಿರುಗಿಸಿಕೊಂಡು, ಆಕೆ ಅದೇನೋ ಮಾತಾಡಿದಾಳಂತಲ್ಲ, ಅದನ್ನು ತೋರಿಸು ಎಂದರು. ಕಂಪ್ಯೂಟರಿನಲ್ಲಿ ದೊಡ್ಡದಾಗಿ ಹಾಕಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ಕಡೆಯವರೆಗೂ ನೋಡಿದರು. ಇನ್ನೊಂದು ಸಲ ಹಾಕಿಸಿದರು. ನನಗೆ ಏನು ಬೈಗುಳ ಬರುತ್ತದೋ ಎಂದು ಭಯ.

"ಸೆರಗು ಸರಿಯಾಗೈತೆ" ಎಂದರು. ಕೋಲು ಎತ್ತಿಕೊಂಡು ಮುಂದುವರಿಸಿದರು: "ಧ್ವನಿ ಸಣ್ಣ ಆಗೈತೆ. ಅಂಗಡ್ಯಾಗೆ ಮಾತಾಡ್ದಂಗೆ ಜೋರಾಗಿ ಹೇಳ್ಬೇಕಿತ್ತು. ಹೆದರಿದೋರ ಮಾತು ಯಾರು ನಂಬ್ತಾರೆ? ಇನ್ನೊಮ್ಮೆ ಮಾಡು ಅಂತ ಹೇಳಪ್ಪ."

ಅಕ್ಕ ಅಂಚೆ ಕಚೇರಿಯಿಂದ ಬಂದ ಕೂಡಲೇ ಹೇಳಿದೆ. ಅವರು ನನ್ನ ಕ್ಯಾಮೆರಾದ ಸ್ಟ್ಯಾಂಡು ಹಿಡಿದುಕೊಂಡು ನಿಂತರು. ಕಣ್ಣು ಒರೆಸಿಕೊಳ್ಳಲು ಸೆರಗು ತೆಗೆದುಕೊಂಡರು. ಎರಡನೆಯ ಸಲ ಹೇಳಿದ್ದನ್ನು ಅಂಗಡಿಯ ಒಳಗೇ ತೆಗೆದೆವು, ಹಿಂದೆ ಕೊಪ್ಪರಿಗೆಗಳ ಸಾಲು, ಒಂದು ಮೂಲೆಯಲ್ಲಿ ಮಣೆಯ ಮೇಲೆ ಮಾವನವರು. ಅದರಲ್ಲಿ ಅಕ್ಕನ ಗಂಟಲು ಮೊದಲಿನ ಹಾಗೆ ಬೀದಿಗೆ ಕೇಳಿತು. ಅದು ಎಲ್ಲೆಲ್ಲಿಗೆ ಹೋಯಿತೋ ನಮಗೆ ಗೊತ್ತಿಲ್ಲ. ಕಳ್ಳ ಪೇಜು ಕೆಲವು ವಾರದಲ್ಲಿ ಕಾಣೆಯಾಯಿತು. ಬೇರೆ ಹೆಸರಿನಲ್ಲಿ ಬೇರೆಲ್ಲೋ ಹುಟ್ಟಿರಬಹುದು. ಅಕ್ಕನ ವ್ಯಾಪಾರ ಮಾತ್ರ ಮೆಲ್ಲಗೆ ಚೇತರಿಸಿಕೊಂಡಿತು.

ಹೋದ ಶ್ರಾವಣದಲ್ಲಿ ಅಕ್ಕನಿಗೆ ಜ್ವರ ಬಂತು, ಆಸ್ಪತ್ರೆಗೆ ಸೇರಿದರು, ಸೋಂಕು ರಕ್ತಕ್ಕೆ ಏರಿದೆ ಎಂದರು. ವಾರದೊಳಗೆ ಎಲ್ಲ ಮುಗಿಯಿತು. ಆಸ್ಪತ್ರೆಯಲ್ಲೂ ಯಾರೋ ನರ್ಸಮ್ಮ ನೋಟು ತಂದು ತೋರಿಸಿದ್ದರಂತೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅಣ್ಣ ನನ್ನನ್ನು ಮನೆಗೆ ಕರೆದು, ಪೇಜಿನಲ್ಲಿ ಒಂದು ಮಾತು ಹಾಕಿಬಿಡು, ಆರ್ಡರು ಕಳಿಸಿದವರು ಕಾಯುತ್ತಿರಬಾರದು ಎಂದರು. ಇನ್ನಿಲ್ಲ ಎಂದು ಎರಡು ಸಾಲು ಬರೆದೆ. ಅಲ್ಲೇ ಕೂತಿರುವಾಗಲೇ ಸಂದೇಶಗಳು ಬರತೊಡಗಿದವು. ಮಾವನವರು ಗೋಡೆಗೆ ಒರಗಿ ಕೂತಿದ್ದರು. ಏನು ಬರೆದಿದ್ದಾರೆ, ಜೋರಾಗಿ ಓದು ಎಂದರು. ಓದುತ್ತ ಹೋದೆ. ಮೊದಲು ಬಂದದ್ದು ಕೊಂಡವರದು: ಒಳ್ಳೆಯ ನಾಣ್ಯ ಕೊಟ್ಟಿದ್ದರು, ಮೋಸ ಮಾಡಲಿಲ್ಲ. ಆಮೇಲೆ ಬಂದವು ಬೇರೆ ಥರದವು, ಅವುಗಳೇ ಹೆಚ್ಚು. ಅದರಲ್ಲಿ ಒಂದನ್ನು ಬರೆದವರು ಯಾರೋ ಯಾವ ಊರಿನವರೋ ಗೊತ್ತಾಗಲಿಲ್ಲ, ಹೆಸರಿನ ಜಾಗದಲ್ಲಿ ಒಂದು ಹೂವಿನ ಚಿತ್ರವಿತ್ತು.

'ನಾನು ನಿಮ್ಮಲ್ಲಿ ಏನೂ ಕೊಂಡವಳಲ್ಲ. ಬೇರೆಯವರು ನನ್ನ ನೋಟಿಗೆ ಲಕ್ಷ ಕೊಡ್ತೀವಿ, ಮೊದಲು ಶುಲ್ಕ ಕಟ್ಟು ಅಂದಿದ್ದರು. ಕಟ್ಟೋಕೆ ಹೊರಟವಳು ಈ ಅಂಗಡಿ ಅಮ್ಮನ ವಿಡಿಯೋ ನೋಡಿ ಫೋನ್ ಮಾಡಿದೆ. ಐದು ರೂಪಾಯಿ ಅಂದರು. ಸಿಟ್ಟು ಬಂದು ಫೋನ್ ಇಟ್ಟುಬಿಟ್ಟೆ. ಆದರೆ ಶುಲ್ಕ ಕಟ್ಟಲಿಲ್ಲ, ಉಳಿದ ಆ ದುಡ್ಡಿನಲ್ಲಿ ಮಗಳನ್ನು ಕಾಲೇಜಿಗೆ ಸೇರಿಸಿದೆ. ಅವರಿಗೆ ಒಂದು ಸಲ ಹೇಳಬೇಕು ಅಂತಿದ್ದೆ.'

ನಾನು ಮುಂದಿನದಕ್ಕೆ ಹೋಗುವವನಿದ್ದೆ. ಮಾವನವರು ಕೈ ಎತ್ತಿ ತಡೆದರು.

"ಅದನ್ನ ಇನ್ನೊಮ್ಮೆ ಓದಪ್ಪ" ಎಂದರು. ಒಳಗಿದ್ದ ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಮತ್ತೆ ಮೊದಲಿನಿಂದ ಓದಿದೆ.